ಕೇಳಲರಿಯದ ಬಾಯಿಗೆ ನೀರು

ಬೇಸಿಗೆಯಲ್ಲಿ ಚಿಕ್ಕ ಮಗುವಿನ ಪರಾಮರಿಕೆಯನ್ನು ಕುರಿತು ಕುಟುಂಬಗಳಿಗಾಗಿ ಒಂದು ಪಾಠ

ಯುಗಾದಿ ಕಳೆದು ಚೈತ್ರ ವೈಶಾಖಗಳು ಬಂದಾಗ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಎಂಬ ನಮ್ಮ ನಾಲ್ಕು ತಾಲೂಕುಗಳ ಯಾವ ಹಳ್ಳಿಗೆ ಹೋದರೂ ನಡುಮಧ್ಯಾಹ್ನದಲ್ಲಿ ಒಂದೇ ನೋಟವು ಕಾಣುವದು. ಬೀದಿಯಲ್ಲಿ ಜನರಿರುವದಿಲ್ಲ. ದನಗಳು ಮರದ ನೆರಳಲ್ಲಿ ನಿಂತು ಮೆಲಕು ಹಾಕುತ್ತವೆ. ನಾಯಿಯು ಹರವಿಯ ಪಕ್ಕದ ಹಸಿ ಮಣ್ಣನ್ನು ಕೆದರಿ ಅದರಲ್ಲಿ ಮಲಗುತ್ತದೆ. ಹಿರಿಯರು ಪಡಸಾಲೆಯಲ್ಲಿ ಮೈಚಾಚಿ ಬೀಸಣಿಗೆ ಆಡಿಸುತ್ತಾರೆ. ಆ ಹೊತ್ತಿನಲ್ಲಿ ಎಚ್ಚತ್ತು ತಿರುಗಾಡುವದು ಒಂದೇ ಜೀವ. ಅದು ಆಗತಾನೇ ನಡೆಯಕಲಿತ ಮನೆಯ ಮಗು. ಅದು ಬರಿಗಾಲಲ್ಲಿ ಅಂಗಳಕ್ಕಿಳಿಯುವದು, ಕಾದ ಕಲ್ಲನ್ನು ತುಳಿದು ಅಳುವದು, ತಾಯಿ ಎತ್ತಿಕೊಂಡು ಬಂದು ಒಳಗಿಳಿಸಿದ ಕೂಡಲೆ ತಿರಿಗಿ ಅದೇ ಕಲ್ಲಿನ ಕಡೆಗೆ ಓಡುವದು. ಬಿಸಿಲೆಂದರೇನೆಂದು ಅದಕ್ಕೆ ಇನ್ನೂ ಯಾರೂ ಕಲಿಸಿಲ್ಲ.

ಬಾಯಾರಿದ ದೊಡ್ಡವನು ತಾನೇ ಎದ್ದು ನೀರು ತುಂಬಿಕೊಂಡು ಕುಡಿಯುವನು. ಬಾಯಾರಿದ ಎಮ್ಮೆಯು ಕೆರೆಯ ದಾರಿ ಹಿಡಿಯುವದು. ಆದರೆ ಒಂದೂವರೆ ವರುಷದ ಕೂಸು ತನಗಾಗುವದು ಬಾಯಾರಿಕೆಯೆಂದು ತಿಳಿಯಲಾರದು, ತಿಳಿದರೂ ಹೇಳಲಾರದು. ಅದು ಬರೇ ಕಿರಿಕಿರಿ ಮಾಡುವದು. ನಾವು ಅದನ್ನು ಹಟವೆಂದು ಎಣಿಸಿ ಗದರಿಸುವೆವು. ಕೇಳಲರಿಯದ ಬಾಯಿಗೆ ಕೇಳುವ ಮೊದಲೇ ನೀರು ಕೊಡಬೇಕು ಎಂಬದೇ ಈ ತಿಂಗಳಿನ ಪಾಠ. ಮಾತು ಚಿಕ್ಕದಾದರೂ ಅದನ್ನು ನಾವು ಬಹು ಕಷ್ಟದಿಂದ ಕಲಿತೆವು.

1. ನಮ್ಮ ಮನೆಯಲ್ಲಿ ನಡೆದದ್ದು

ಪಾಠ ಹೇಳುವವರು ತಾವು ಅದನ್ನು ಕಲಿತದ್ದು ಹೇಗೆಂದು ಮೊದಲು ಹೇಳುವದು ನ್ಯಾಯ. ನಾವು ಆಗ ಶಿಗ್ಗಾಂವಿ ತಾಲೂಕಿನ ಒಂದು ಹಳ್ಳಿಯಲ್ಲಿ ತಗಡಿನ ಮನೆಯಲ್ಲಿದ್ದೆವು. ನಮ್ಮ ಮಗುವಿಗೆ ಒಂದು ವರುಷ ನಾಲ್ಕು ತಿಂಗಳು. ವೈಶಾಖದ ಒಂದು ಮುಂಜಾನೆ ಅದಕ್ಕೆ ಭೇದಿ ಹತ್ತಿತು. ನಮ್ಮ ಮನೆಯವರು ನೀರು ಕುಡಿಸಹೋದಾಗ ನಮ್ಮ ತಾಯಿಯವರು ತಡೆದು, "ನೀರ ಕುಡಿಸಿದಷ್ಟೂ ಹೊರಗ ಹೋಗತೈತಿ, ಹೊಟ್ಟಿ ಒಣಗಲಿ, ಬಿಡವ್ವಾ" ಅಂದರು. ಹಲ್ಲು ಬರುವ ಕಾಲಕ್ಕೆ ಭೇದಿಯಾಗುವದು ಸಹಜವೆಂದೂ ಹೇಳಿದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಮೊಮ್ಮಗನ ಮೇಲೆ ಅವರಿಗಿರುವ ಪ್ರೀತಿಯು ನಮಗಿಂತ ಕಡಿಮೆಯಲ್ಲ. ಅತ್ತೆಯ ಮಾತಿಗೆ ಎದುರಾಡುವದು ಸೊಸೆಗೆ ಎಷ್ಟು ಕಷ್ಟವೆಂಬದನ್ನು ನಮ್ಮ ಸಹೋದರಿಯರೆಲ್ಲರೂ ಬಲ್ಲರು. ಎದುರಾಡತಕ್ಕವರು ನಾವು. ಓದಿದವರಾದ ನಾವು ಬಾಗಿಲಲ್ಲಿ ನಿಂತು, ಹಿರಿಯರು ಹೇಳಿದ್ದು ಸರಿಯಾಗಿರಬೇಕು ಅಂದೆವು.

ಮಧ್ಯಾಹ್ನದ ವರೆಗೆ ಮಗು ಅತ್ತಿತು. ಮೂರು ತಾಸಿನ ಸುಮಾರಿಗೆ ಅದು ಸುಮ್ಮನಾಯಿತು. ಭೇದಿಯೂ ಕಡಿಮೆಯಾದಂತೆ ಕಂಡಿತು. ವಾಸಿಯಾಯಿತೆಂದು ನಾವೆಲ್ಲರೂ ಸಂತೋಷಪಟ್ಟೆವು! ಪ್ರಿಯ ವಾಚಕರೇ, ಆ ಸಂತೋಷವನ್ನು ನೆನಸಿದರೆ ಇಂದಿಗೂ ನಮಗೆ ಮೈ ನಡುಗುವದು. ಯಾಕಂದರೆ ಮಗುವು ಗುಣವಾಗಿ ಸುಮ್ಮನಾಗಿರಲಿಲ್ಲ. ಅಳುವದಕ್ಕೆ ಶಕ್ತಿಯಿಲ್ಲದೆ ಸುಮ್ಮನಾಗಿತ್ತು.

ಸಾಯಂಕಾಲ ನಮ್ಮ ಊರಿನ ಆಶಾ ಕಾರ್ಯಕರ್ತೆಯು ಬೇರೆ ಕೆಲಸಕ್ಕಾಗಿ ಓಣಿಗೆ ಬಂದವಳು ನಮ್ಮ ಮನೆಯಲ್ಲಿ ಇಣಿಕಿ ನೋಡಿದಳು. ಮಗುವಿನ ಹೊಟ್ಟೆಯ ಮೇಲಿನ ತೊಗಲನ್ನು ಎರಡು ಬೆರಳಿನಿಂದ ಹಿಡಿದೆತ್ತಿ ಬಿಟ್ಟಳು. ಅದು ಕೂಡಲೆ ಇಳಿಯದೆ ಮಡಿಚಿದ ಬಟ್ಟೆಯಂತೆ ನಿಂತಿತು. "ಅಜ್ಜೀ, ಅಳುವಾಗ ಕಣ್ಣೀರ ಬಂದಾವೇನು?" ಎಂದು ಕೇಳಿದಳು. ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಮಧ್ಯಾಹ್ನದಿಂದ ಕಣ್ಣೀರು ಬಂದಿರಲಿಲ್ಲ. ಮುಂಜಾನೆಯಿಂದ ಬಟ್ಟೆಯೂ ಉಚ್ಚೆಯಿಂದ ತೋಯ್ದಿರಲಿಲ್ಲ. ಅವಳು ತನ್ನ ಚೀಲದಿಂದ ಓ.ಆರ್.ಎಸ್. ಪುಡಿಯನ್ನು ತೆಗೆದು ನೀರಲ್ಲಿ ಕರಗಿಸಿ, ಚಮಚದಿಂದ ಕುಡಿಸುತ್ತಾ ನಮ್ಮನ್ನು ತಾಲೂಕು ದವಾಖಾನೆಗೆ ಕರಕೊಂಡು ಹೋದಳು. ನಡುರಾತ್ರಿಯ ತರುವಾಯ ನಮ್ಮ ತಾಯಿಯವರ ಮಡಿಲಲ್ಲಿ ಮಲಗಿದ್ದ ಮಗು ಉಚ್ಚೆ ಹೊಯ್ದಿತು. ತೋಯ್ದ ಸೀರೆಯನ್ನು ಕೈಯಿಂದ ಮುಟ್ಟಿ ನೋಡಿಕೊಂಡು ಆ ಮುದುಕಿಯು ನಗುತ್ತಾ ಅಳುತ್ತಾ ಇದ್ದದ್ದನ್ನು ನಾವು ಮರೆಯಲಾರೆವು.

2. ಚಿಕ್ಕ ಮೈಯ ನೀರು ಬೇಗ ತೀರುವದು ಯಾಕೆ?

ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಹೆಸರಾದ ಮರಗಳನ್ನು ನಿಮ್ಮಲ್ಲಿ ಅನೇಕರು ನೋಡಿರುವಿರಿ. ಅವು ಆಫ್ರಿಕಾ ಖಂಡದ ಜಾತಿಯ ಮರಗಳು. ನಾಲ್ಕಾರು ಜನರು ಕೈಗೆ ಕೈ ಕೂಡಿಸಿದರೂ ತಬ್ಬಲಾಗದ ಆ ಬೊಡ್ಡೆಯಲ್ಲಿ ಮಳೆಗಾಲದ ನೀರನ್ನು ಕೂಡಿಟ್ಟುಕೊಂಡು ಅವು ಬೇಸಿಗೆಯನ್ನು ಕಳೆಯುತ್ತವೆ. ಚಿಕ್ಕ ಮಗುವಿಗೆ ಅಂಥಾ ಉಗ್ರಾಣವಿಲ್ಲ. ಅದು ದಿನದ ನೀರನ್ನು ದಿನವೇ ಪಡೆಯಬೇಕಾದ ಸಸಿಯಂತಿದೆ.

ಲೆಕ್ಕದಿಂದ ನೋಡೋಣ. ವರುಷ ತುಂಬಿದ ಮಗುವಿನ ತೂಕ ಸುಮಾರು 9 ಅಥವಾ 10 ಕಿಲೋ. ಹತ್ತು ಕಿಲೋ ತೂಗುವ ಮಗುವಿಗೆ ಹಾಲು, ಗಂಜಿ, ನೀರು ಎಲ್ಲಾ ಕೂಡಿ ದಿನಕ್ಕೆ ಸುಮಾರು ಒಂದು ಲೀಟರು ಬೇಕು. ಬಿಸಿಲಿನಲ್ಲಿ ಇನ್ನೂ ಹೆಚ್ಚು. ಅದೇ ಮಗುವಿಗೆ ಭೇದಿ ವಾಂತಿಗಳು ಆಗಿ ಒಂದು ಲೀಟರು ನೀರು ಮೈಯಿಂದ ಹೋದರೆ ಅದರ ತೂಕದ ಹತ್ತರಲ್ಲಿ ಒಂದು ಪಾಲು ಹೋದಂತಾಯಿತು. ಇದು ಪ್ರಾಣಾಪಾಯದ ಸ್ಥಿತಿ. ಅರವತ್ತು ಕಿಲೋ ತೂಕದ ದೊಡ್ಡವನಿಗೆ ಅದೇ ಒಂದು ಲೀಟರು ಹೋದರೆ ಅವನು ಬಾಯಾರಿ ಒಂದು ತಂಬಿಗೆ ನೀರು ಕುಡಿದು ಕೆಲಸಕ್ಕೆ ಹೋಗುವನು. ಇದಲ್ಲದೆ ಚಿಕ್ಕ ಮೈಯು ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ತೊಗಲುಳ್ಳದ್ದಾಗಿ ಸುತ್ತಲಿನ ಉಷ್ಣವನ್ನು ಬೇಗ ಹೀರಿಕೊಳ್ಳುವದು. ದೊಡ್ಡವರಷ್ಟು ಬೆವತು ತಣ್ಣಗಾಗಲಿಕ್ಕೂ ಅದಕ್ಕೆ ಆಗದು. ಆದಕಾರಣ, ನಮಗೆ ಏನೂ ಆಗಲಿಲ್ಲ, ಮಗುವಿಗೆ ಏನಾದೀತು ಎಂದು ಹೇಳುವದು ಸರಿಯಲ್ಲ.

3. ಬೇಸಿಗೆಯ ಒಂದು ದಿನ

ಹಾನಗಲ್ಲ ಸೀಮೆಯು ಮಲೆನಾಡಿನ ಅಂಚಾಗಿದ್ದು ಮಾವಿನ ತೋಪುಗಳ ನೆರಳುಳ್ಳದ್ದು. ಸವಣೂರ ಸೀಮೆಯ ಎರೆಭೂಮಿಯಲ್ಲಿ ನೆರಳು ಕಡಿಮೆ. ವರದೆಯೂ ಕುಮುದ್ವತಿಯೂ ಬೇಸಿಗೆಯಲ್ಲಿ ಸೊರಗುತ್ತವೆ. ಊರು ಬೇರೆಯಾದರೂ ಮಗುವಿನ ದಿನಚರಿಯು ಒಂದೇ ಆಗಿರಬಹುದು.

ಮುಂಜಾನೆ: ಮಗು ಎದ್ದ ಕೂಡಲೆ ತಾಯಿಯ ಹಾಲನ್ನಾಗಲಿ ನೀರನ್ನಾಗಲಿ ಕೊಡಿರಿ. ಆರು ತಿಂಗಳು ತುಂಬದ ಕೂಸಿಗೆ ಎಂಥಾ ಬೇಸಿಗೆಯಲ್ಲಿಯೂ ತಾಯಿಯ ಹಾಲೊಂದೇ ಸಾಕು. ಆ ಹಾಲಿನಲ್ಲಿ ನೂರಕ್ಕೆ ಎಂಭತ್ತಕ್ಕಿಂತ ಹೆಚ್ಚು ಪಾಲು ನೀರೇ ಇರುವದು. ಅಂಥಾ ಕೂಸಿಗೆ ಸಾರಿಸಾರಿ ಹಾಲೂಡಿಸಬೇಕು, ನೀರನ್ನು ತಾಯಿಯು ಕುಡಿಯಬೇಕು. ಆರು ತಿಂಗಳು ದಾಟಿದ ಮಗುವಿಗೆ ಹಾಲಿನ ಸಂಗಡ ಕುದಿಸಿ ಆರಿಸಿದ ನೀರನ್ನು ಬಟ್ಟಲು ಚಮಚಗಳಿಂದ ಕೊಡಿರಿ. ರಬ್ಬರಿನ ತೊಟ್ಟುಳ್ಳ ಬಾಟಲಿಯನ್ನು ತೊಳೆಯುವದು ಕಷ್ಟ; ಬೇಸಿಗೆಯಲ್ಲಿ ಅದು ರೋಗದ ಮನೆಯಾಗುವದು.

ಹೊತ್ತೇರಿದಾಗ: ಹೊಲಕ್ಕೋ ಕೂಲಿಗೋ ಹೋಗುವ ತಾಯಂದಿರು ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸುವದುಂಟು. ಸಹೋದರಿಯರೇ, ನೆರಳು ನಿಂತಲ್ಲಿ ನಿಲ್ಲುವದಿಲ್ಲ. ಹತ್ತು ತಾಸಿಗೆ ನೆರಳಿದ್ದ ಸ್ಥಳದಲ್ಲಿ ಹನ್ನೆರಡಕ್ಕೆ ಬಿಸಿಲು ಬಿದ್ದಿರುವದು. ಒಂದು ಸಾಲು ಕಳೆ ತೆಗೆದು ಮುಗಿದಾಗಲೆಲ್ಲಾ ಒಬ್ಬರು ಹೋಗಿ ನೆರಳನ್ನು ನೋಡಿ ಬರಲಿ, ಎರಡು ಗುಟುಕು ನೀರು ಕುಡಿಸಿ ಬರಲಿ. ನೊಣದ ಭಯದಿಂದ ಜೋಲಿಯ ಮೇಲೆ ಕೌದಿ ಹೊದಿಸಬೇಡಿರಿ. ಗಾಳಿಯಾಡದ ಜೋಲಿಯು ಒಳಗೆ ಒಲೆಯಂತಾಗುವದು. ತೆಳುವಾದ ಅರಿವೆ ಸಾಕು.

ನಡುಮಧ್ಯಾಹ್ನ: ಹನ್ನೆರಡರಿಂದ ಮೂರು ತಾಸಿನ ವರೆಗೆ ಮಗುವನ್ನು ಬಿಸಿಲಿಗೆ ಬಿಡಬೇಡಿರಿ. ಕುಂಚಿಗೆ, ಉಣ್ಣೆಯ ಟೊಪ್ಪಿಗೆ, ಮೇಲೆ ಮೇಲೆ ಅಂಗಿ ಇವೆಲ್ಲಾ ಚಳಿಗಾಲಕ್ಕೆ. ಈಗ ಒಂದೇ ಸಡಿಲವಾದ ಹತ್ತಿಯ ಅಂಗಿ ಸಾಕು. ಬೆವರುಗುಳ್ಳೆ ಎದ್ದರೆ ತಣ್ಣೀರಿನಿಂದ ಮೈ ಒರಸಿ ಗಾಳಿಗೆ ಬಿಡಿರಿ. ತಗಡಿನ ಮನೆಯಲ್ಲಿರುವವರು ತಗಡಿನ ಮೇಲ್ಭಾಗಕ್ಕೆ ಬಿಳೀ ಸುಣ್ಣ ಬಳಿದರೆ ಬಿಸಿಲಿನ ಬಹು ಪಾಲು ಹಿಂದಕ್ಕೆ ಹೋಗುವದು. ಗುಜರಾತಿನ ಅಹಮದಾಬಾದ ನಗರದವರು 2010ರ ಮೇ ತಿಂಗಳಿನ ಭಯಂಕರವಾದ ಬಿಸಿಲಿನಿಂದ ಪಾಠ ಕಲಿತು 2013ರಲ್ಲಿ ಬಿಸಿಲಿನ ಮುಂಜಾಗ್ರತೆಯ ಯೋಜನೆಯೊಂದನ್ನು ಮಾಡಿದರು. ಬಡವರ ಮನೆಗಳ ಮಾಳಿಗೆಗೆ ಸುಣ್ಣ ಬಳಿಯುವದೂ ತರುವಾಯ ಅಲ್ಲಿಯ ಉಪಾಯಗಳಲ್ಲಿ ಒಂದಾಯಿತು. ಬಡವನ ಮನೆಗೂ ಇದು ಎಟಕುವಂಥಾದ್ದು.

ಊಟ: ತೆಳುವಾದ ಮಜ್ಜಿಗೆ, ಅನ್ನದ ಗಂಜಿ, ಜೋಳದ ಅಂಬಲಿ, ಬೇಳೆಯ ಕಟ್ಟು, ಎಳನೀರು ಇವು ಒಳ್ಳೆಯವು. ಕಲ್ಲಂಗಡಿಯನ್ನು ಬೀಜ ತೆಗೆದು ಕೊಡಿರಿ. ಇಡೀ ಶೇಂಗಾಕಾಳನ್ನು ಚಿಕ್ಕ ಮಗುವಿನ ಕೈಗೆ ಕೊಡಬೇಡಿರಿ. ಅದು ಉಸಿರಿನ ದಾರಿಯಲ್ಲಿ ಸಿಕ್ಕುವದು. ಮುಂಜಾನೆ ಕಲಸಿದ ಅನ್ನವನ್ನು ಸಾಯಂಕಾಲಕ್ಕೆ ಇಟ್ಟರೆ ಈ ಉಷ್ಣದಲ್ಲಿ ಕೆಡುವದು. ಉಣಿಸುವ ಮೊದಲೂ ಮಗುವಿನ ಮಲ ತೊಳೆದ ಮೇಲೂ ಸಾಬೂನಿನಿಂದ ಕೈ ತೊಳೆಯಿರಿ. ಅನೇಕ ಭೇದಿಗಳು ಕೈಯಿಂದಲೇ ಬರುತ್ತವೆ.

ಶಾಲೆಗೆ ರಜೆಯಿರುವ ಈ ಕಾಲದಲ್ಲಿ ಮಗುವು ಬಹಳ ಹೊತ್ತು ಅಕ್ಕನ ಕಂಕುಳಲ್ಲಿರುವದು. ಆ ಹುಡುಗಿಗೂ ಈ ಪಾಠವನ್ನು ಕಲಿಸಿರಿ. ತಾನು ನೀರು ಕುಡಿದಾಗಲೆಲ್ಲಾ ತಮ್ಮನಿಗೂ ಕುಡಿಸಬೇಕೆಂಬ ಒಂದೇ ಕಟ್ಟಳೆ ಇರಲಿ. ಅದನ್ನು ಎಂಟು ವರುಷದವಳೂ ನೆನಪಿನಲ್ಲಿಡುವಳು.

4. ಭೇದಿಯಾದಾಗ ಮಾಡತಕ್ಕದ್ದು

ನೀರು ಕುಡಿಸಿದಷ್ಟೂ ಹೊರಗೆ ಹೋಗುವದು ಎಂಬ ಮಾತು ನೋಡುವದಕ್ಕೆ ನಿಜದಂತಿದೆ. ಬರೀ ನೀರಾದರೆ ಕರುಳು ಅದನ್ನು ಸಾಕಷ್ಟು ಹಿಡಿದುಕೊಳ್ಳಲಾರದು. ಆದರೆ ನೀರಿನಲ್ಲಿ ಉಪ್ಪೂ ಸಕ್ಕರೆಯೂ ತಕ್ಕ ಪ್ರಮಾಣದಲ್ಲಿ ಕೂಡಿದರೆ ಸಕ್ಕರೆಯು ಉಪ್ಪಿನ ಕೈಹಿಡಿದು ಕರುಳಿನ ಗೋಡೆಯನ್ನು ದಾಟಿಸುವದು, ಅವೆರಡರ ಹಿಂದೆ ನೀರೂ ದಾಟುವದು. ಭೇದಿಯಾಗುತ್ತಿರುವಾಗಲೂ ಈ ದಾರಿಯು ಮುಚ್ಚಿಹೋಗುವದಿಲ್ಲ.

1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಲಕ್ಷಾಂತರ ಜನರು ಪಶ್ಚಿಮ ಬಂಗಾಳಕ್ಕೆ ಓಡಿಬಂದಾಗ ಬನಗಾಂವದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ರಕ್ತನಾಳದಲ್ಲಿ ಏರಿಸುವ ಸಲೈನು ಸಾಲದೆ ಹೋಯಿತು. ಆಗ ದಿಲೀಪ ಮಹಾಲನಬೀಸ ಎಂಬ ವೈದ್ಯರು ಉಪ್ಪು, ಸೋಡಾ, ಗ್ಲುಕೋಸುಗಳನ್ನು ನೀರಿನಲ್ಲಿ ಕರಗಿಸಿ ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಕಲಿಸಿದರು. ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದ ಸ್ಥಳದಲ್ಲಿ ಸಾಯುವವರು ನಾಲ್ವರಿಗಿಂತ ಕಡಿಮೆಯಾದರು. ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಸರಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನು ಕೊಟ್ಟಿತು. ಅಂದು ಆ ಪ್ರಾಣಗಳನ್ನು ಉಳಿಸಿದ ಕೈಗಳಲ್ಲಿ ಬಹಳವು ಓದುಬರಹವಿಲ್ಲದ ತಾಯಂದಿರ, ಅಕ್ಕತಂಗಿಯರ ಕೈಗಳು ಎಂಬದನ್ನು ಗಮನಿಸಿರಿ. ನಿಮ್ಮ ಕೈಯಿಂದಲೂ ಅದು ಆಗುವದು. ಹೇಗೆಂದರೆ:

ಮೊದಲನೆಯದು. ಆಶಾ ಕಾರ್ಯಕರ್ತೆಯ ಬಳಿಯಲ್ಲಾಗಲಿ ಸರಕಾರೀ ದವಾಖಾನೆಯಲ್ಲಾಗಲಿ ಔಷಧದ ಅಂಗಡಿಯಲ್ಲಾಗಲಿ ಸಿಕ್ಕುವ ಓ.ಆರ್.ಎಸ್. ಪುಡಿಯ ದೊಡ್ಡ ಪೊಟ್ಟಣವನ್ನು ಪೂರಾ ಒಂದು ಲೀಟರು ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿರಿ. ಅಳತೆಯನ್ನು ಪೊಟ್ಟಣದ ಮೇಲೆ ಓದಿಕೊಳ್ಳಿರಿ. ಪುಡಿಯನ್ನು ಅರ್ಧ ಮಾಡಬೇಡಿರಿ, ನೀರನ್ನು ಕಡಿಮೆ ಮಾಡಬೇಡಿರಿ. 24 ತಾಸಿನ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಮಾಡಿರಿ.

ಎರಡನೆಯದು. ಪುಡಿ ಸಿಕ್ಕದಿದ್ದರೆ ಒಂದು ಲೀಟರು ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಹಾಕಿ ಕರಗಿಸಿರಿ. ಚಮಚವೆಂದರೆ ಚಹದ ಚಿಕ್ಕ ಚಮಚ. ಗೋಪುರದಂತೆ ತುಂಬದೆ ಬೆರಳಿನಿಂದ ಸಮ ಮಾಡಬೇಕು. ಉಪ್ಪು ಹೆಚ್ಚಾದರೆ ಅಪಾಯ. ಮೊದಲು ನೀವೇ ರುಚಿ ನೋಡಿರಿ; ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಿರಿ.

ಮೂರನೆಯದು. ಎರಡು ವರುಷದೊಳಗಿನ ಮಗುವಿಗೆ ಪ್ರತಿ ಭೇದಿಯ ತರುವಾಯ 50ರಿಂದ 100 ಮಿಲಿಲೀಟರು, ಅಂದರೆ ಚಹದ ಅರ್ಧ ಬಟ್ಟಲಿನಷ್ಟು, ಕುಡಿಸಿರಿ. ಒಮ್ಮೆಲೇ ಸುರಿಯದೆ ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕೊಡಿರಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಇನ್ನೂ ಮೆಲ್ಲಗೆ ಕೊಡಿರಿ. ಈ ಕೆಲಸಕ್ಕೆ ಬೇಕಾದದ್ದು ಹಣವಲ್ಲ, ತಾಳ್ಮೆ.

ನಾಲ್ಕನೆಯದು. ತಾಯಿಯ ಹಾಲನ್ನೂ ಮೆತ್ತಗಿನ ಊಟವನ್ನೂ ನಿಲ್ಲಿಸಬೇಡಿರಿ. ದವಾಖಾನೆಯವರು ಕೊಡುವ ಝಿಂಕ್ ಗುಳಿಗೆಯನ್ನು ಭೇದಿ ನಿಂತರೂ 14 ದಿವಸ ತಪ್ಪದೆ ಕೊಡಿರಿ.

ಐದನೆಯದು. ಬಾಟಲಿಯ ಸಿಹಿಪಾನಕಗಳು ಭೇದಿಗೆ ಔಷಧವಲ್ಲ. ಅವುಗಳ ಅತಿ ಸಕ್ಕರೆಯು ಭೇದಿಯನ್ನು ಹೆಚ್ಚಿಸುವದು. ಸರಿಯಾದ ಪ್ರಮಾಣವಿಲ್ಲದ ಪಾನಕಗಳಿಗೆ ಓ.ಆರ್.ಎಸ್. ಎಂಬ ಹೆಸರನ್ನು ಹಾಕಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರದಲ್ಲಿ ಆಜ್ಞೆ ಮಾಡಿತು. ಪುಡಿಯನ್ನೇ ಕೇಳಿ ಕೊಳ್ಳಿರಿ.

ಹಲ್ಲು ಬರುವದರಿಂದ ಮಗುವಿನ ಪ್ರಾಣ ತೆಗೆಯುವಂಥಾ ಭೇದಿಯಾಗುವದಿಲ್ಲ. ಹಲ್ಲು ಬರುವ ವಯಸ್ಸಿನಲ್ಲಿ ಮಗು ನೆಲದ ಮೇಲೆ ಸಿಕ್ಕಿದ್ದನ್ನೆಲ್ಲಾ ಬಾಯಿಗೆ ಹಾಕುವದು; ರೋಗವು ಆ ದಾರಿಯಿಂದ ಬರುವದು. ನೆತ್ತಿ ಕುಳಿಬಿದ್ದದ್ದು ದೃಷ್ಟಿಯಿಂದಲ್ಲ, ನೀರು ತೀರಿದ್ದರಿಂದ. ಅಂಥಾ ಕೂಸಿನ ಹೊಟ್ಟೆಗೆ ಬರೆ ಹಾಕುವದೆಂದರೆ ಬಾಯಾರಿದವನಿಗೆ ಬೆಂಕಿ ಕೊಟ್ಟಂತೆ. ಈ ವಾಡಿಕೆಯನ್ನು ಇನ್ನೂ ಬಿಡದ ಮನೆಗಳುಂಟು. ಅವರಿಗೆ ಸಿಟ್ಟಿನಿಂದಲ್ಲ, ಸಾವಧಾನದಿಂದ ಹೇಳಿರಿ.

5. ತುಂಬಿಟ್ಟ ನೀರಿನ ಎಚ್ಚರ

ನೀರು ಕಡಿಮೆಯಾದ ಕಾಲದಲ್ಲಿಯೇ ಮನೆಯಲ್ಲಿ ನೀರು ತುಂಬಿಡುವದು ಹೆಚ್ಚು. ನಳಕ್ಕೆ ನೀರು ಬಂದ ದಿನ ಕೊಡ, ಬಕೆಟ್ಟು, ಡ್ರಮ್ಮು, ನೆಲದ ತೊಟ್ಟಿ ಎಲ್ಲವೂ ತುಂಬುವವು. ನಡೆಯಕಲಿತ ಮಗುವಿನ ತಲೆಯು ಮೈಗೆ ಹೋಲಿಸಿದರೆ ಭಾರ. ಅದು ಬಕೆಟ್ಟಿನಲ್ಲಿ ಬಗ್ಗಿ ಬಿದ್ದರೆ ತಾನಾಗಿ ಏಳಲಾರದು, ಕೂಗಲೂ ಆರದು. ಗೇಣು ನೀರು ಸಾಕು. ಕೆಲವೇ ನಿಮಿಷ ಸಾಕು. ಎಲ್ಲಾ ಪಾತ್ರೆಗಳಿಗೆ ಗಟ್ಟಿ ಮುಚ್ಚಳವಿರಲಿ. ಬೇಡವಾದ ಬಕೆಟ್ಟನ್ನು ಬೋರಲು ಹಾಕಿರಿ. 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ನಮ್ಮ ಹೊಲಗಳಲ್ಲಿ ಕೃಷಿಹೊಂಡಗಳಾದವು. ಒಳಗೆ ಪ್ಲಾಸ್ಟಿಕಿನ ಹಾಳೆ ಹಾಸಿದ ಹೊಂಡಕ್ಕೆ ಜಾರಿದವರು, ದೊಡ್ಡವರಾದರೂ, ಮೇಲೇರುವದು ಕಷ್ಟ. ಅದಕ್ಕೆ ಬೇಲಿಯಿಲ್ಲದಿದ್ದರೆ ಮಗುವನ್ನು ಆ ಹೊಲಕ್ಕೆ ಒಯ್ಯದಿರುವದೇ ಲೇಸು. ವಾರಕ್ಕೊಮ್ಮೆ ಪಾತ್ರೆಗಳನ್ನು ಬರಿದು ಮಾಡಿ ತಿಕ್ಕಿ ತೊಳೆದರೆ ಡೆಂಗ್ಯೂ ಜ್ವರದ ಸೊಳ್ಳೆಯೂ ಅಲ್ಲಿ ಹುಟ್ಟುವದಿಲ್ಲ.

6. ತಡಮಾಡಬಾರದ ಗುರುತುಗಳು

ಮಗುವು ಕುಡಿಯಲಾರದೆ ಹೋದರೆ, ಕುಡಿದದ್ದನ್ನೆಲ್ಲಾ ವಾಂತಿ ಮಾಡಿದರೆ, ಕಣ್ಣು ಗುಳಿಬಿದ್ದರೆ, ಅಳುವಾಗ ಕಣ್ಣೀರಿಲ್ಲದಿದ್ದರೆ, ಆರು ತಾಸಿನಿಂದ ಉಚ್ಚೆಯಿಲ್ಲದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಫಿಟ್ಸು ಬಂದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಕೂಡಲೆ ದವಾಖಾನೆಗೆ ಹೊರಡಿರಿ. ನಮ್ಮ ರಾಜ್ಯದಲ್ಲಿ 2008ರಿಂದ 108 ಎಂಬ ಅಂಕಿಗೆ ಫೋನು ಮಾಡಿದರೆ ಹಣವಿಲ್ಲದೆ ಅಂಬ್ಯುಲನ್ಸು ಬರುವದು. ಎಚ್ಚರವಿರುವ ಮಗುವಿಗೆ ದಾರಿಯುದ್ದಕ್ಕೂ ಚಮಚದಿಂದ ಕುಡಿಸುತ್ತಲೇ ಹೋಗಿರಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ಏನೂ ಹಾಕಬೇಡಿರಿ.

ಬಿಸಿಲಿನ ಹೊಡೆತದಿಂದ ಮೈ ಕಾದು ಮಗು ಮಂಕಾದರೆ ನೆರಳಿಗೆ ತಂದು, ಬಟ್ಟೆ ಬಿಚ್ಚಿ, ಮೈಯೆಲ್ಲಾ ನೀರಿನಿಂದ ತೋಯಿಸಿ ಗಾಳಿ ಹಾಕಿರಿ. ಅದೇ ಹೊತ್ತಿಗೆ ಒಬ್ಬರು 108ಕ್ಕೆ ಫೋನು ಮಾಡಲಿ. ಜ್ವರದ ಗುಳಿಗೆಯು ಬಿಸಿಲಿನ ಹೊಡೆತಕ್ಕೆ ಔಷಧವಲ್ಲ.

ಕಡೇ ಮಾತು

ಹಾಗರಳ ಕಥೆಯು ನಿಮಗೆಲ್ಲರಿಗೂ ತಿಳಿದದ್ದೇ. ಬೇರ್ಷೆಬದ ಅಡವಿಯಲ್ಲಿ ತಿತ್ತಿಯ ನೀರು ತೀರಿದಾಗ ಅವಳು ಮಗನನ್ನು ಗಿಡದ ಕೆಳಗೆ ಬಿಟ್ಟು, ಅವನು ಸಾಯುವದನ್ನು ನೋಡಲಾರದೆ ದೂರ ಹೋಗಿ ಕೂತು ಅತ್ತಳು. ಆದರೆ ಬಾವಿಯು ಹತ್ತಿರವೇ ಇತ್ತು. ದೇವರು ಅವಳ ಕಣ್ಣನ್ನು ತೆರೆದಾಗ ಅದು ಕಂಡಿತು. ಆ ದಿನ ನಮ್ಮ ಮನೆಯಲ್ಲಿಯೂ ಹಾಗೆಯೇ ಇತ್ತು. ನೀರು ಹರವಿಯಲ್ಲಿತ್ತು, ಉಪ್ಪು ಒಲೆಯ ಬಳಿಯಲ್ಲಿತ್ತು, ಸಕ್ಕರೆಯು ಡಬ್ಬಿಯಲ್ಲಿತ್ತು. ಮೂರೂ ಮಗುವಿನಿಂದ ಹತ್ತು ಹೆಜ್ಜೆಯೊಳಗೆ ಇದ್ದವು. ಕಾಣುವ ಕಣ್ಣು ಮಾತ್ರ ಇರಲಿಲ್ಲ.

ನಮ್ಮ ತಾಯಿಯವರು ಈಗ ಓಣಿಯಲ್ಲಿ ಯಾವ ಕೂಸು ಅತ್ತರೂ ಮೊದಲು ಅದರ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ಕಣ್ಣೀರುಂಟೋ ಎಂದು ನೋಡುತ್ತಾರೆ. ತರುವಾಯ, "ನೀರ ಕುಡಿಸೀಯೇನವ್ವಾ?" ಎಂದು ಕೇಳುತ್ತಾರೆ. ಹಿರಿಯರು ಕಲಿಯಲಾರರೆಂದು ಯಾರೂ ಹೇಳದಿರಲಿ.

ಕುಟುಂಬದಲ್ಲಿ ಕೇಳಿಕೊಳ್ಳತಕ್ಕ ಪ್ರಶ್ನೆಗಳು

1. ನಮ್ಮ ಮನೆಯ ಮಗು ಈ ಹೊತ್ತು ಎಷ್ಟು ಸಾರಿ ನೀರು ಕುಡಿಯಿತು? ಎಷ್ಟು ಸಾರಿ ಉಚ್ಚೆ ಹೊಯ್ದಿತು?
2. ಒಂದು ಲೀಟರು ಅಳೆಯುವ ಪಾತ್ರೆ ನಮ್ಮಲ್ಲಿ ಯಾವದು?
3. ಸಕ್ಕರೆ ಎಷ್ಟು, ಉಪ್ಪು ಎಷ್ಟು ಎಂಬದನ್ನು ಮನೆಯಲ್ಲಿ ಎಷ್ಟು ಮಂದಿ ಬಾಯಿಪಾಠವಾಗಿ ಹೇಳಬಲ್ಲರು?
4. ನಮ್ಮ ಮನೆಯಲ್ಲಿ ಮುಚ್ಚಳವಿಲ್ಲದ ನೀರಿನ ಪಾತ್ರೆ ಯಾವದು?
5. ಸುಮ್ಮನಾದ ಮಗುವೆಲ್ಲಾ ಗುಣವಾದ ಮಗುವೋ?